ಎಂಟು ಕಾರು, ಒಂದು ಡಬ್ಬಿ

ಸ್ಪೋರ್ಟ್ಸ್ ಕಾರು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಡೆಯವರ ಕಣ್ಣಮುಂದೆ ಸಿನಿಮಾ ನಾಯಕನೋ, ಕ್ರಿಕೆಟ್ ಆಟಗಾರನೋ, ಧಣಿಯ ಮಗನೋ ಬಂದು ನಿಲ್ಲುತ್ತಾನೆ. ಅದು ಹಣವುಳ್ಳವರ ಆಟಿಕೆ ಎಂಬುದು ಸಾಮಾನ್ಯವಾದ ಭಾವನೆ. ಈ ಭಾವನೆಗೆ ಹೊರತಾದ ಒಂದು ಗುಂಪಿನೊಡನೆ 2019ರ ಮೇ ತಿಂಗಳಿನಲ್ಲಿ ಐದು ದಿನ ಬೆಟ್ಟಗಳ ನಡುವೆ ಸುತ್ತಾಡುವ ಅವಕಾಶ ನನಗೆ ಒದಗಿಬಂದಿತ್ತು. ಆ ಪ್ರವಾಸವನ್ನು ಅವರು ಯೋಜಿಸಿದ ರೀತಿಯನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಈಗ ಬರೆಯಲು ಒಂದು ಕಾರಣವೂ ಇದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ತಮ್ಮ ಕಾರುಗಳಲ್ಲಿ ಒಟ್ಟಾಗಿ ಪಶ್ಚಿಮ ಘಟ್ಟ ಸುತ್ತುವ ಏರ್ಪಾಡು ಮಾಡುತ್ತಿದ್ದಾರೆಂದೂ, ಎಲ್ಲಿ ತಂಗುವುದು, ತಲೆಗೆ ಎಷ್ಟು ಹಾಕುವುದು ಎಂಬಲ್ಲಿ ಮಾತು ಹೊಂದದೆ ಅದು ಅಲ್ಲಿಗೇ ನಿಂತಿದೆಯೆಂದೂ ತಿಳಿಯಿತು. ಒಬ್ಬಾತ ಕಾರಣ ಹೇಳದೆ ಮೆಲ್ಲಗೆ ಹಿಂದೆ ಸರಿದನಂತೆ. ಕಾರಣ ಏನಿರಬಹುದೆಂದು ಊಹಿಸುವುದು ಮೂವತ್ತು ವರ್ಷ ಶಾಲಾ ಪ್ರವಾಸಗಳ ಲೆಕ್ಕ ಬರೆದವನಿಗೆ ಕಷ್ಟವಲ್ಲ. ಅವರೆಲ್ಲರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ, ಷಾರ್ಲಟ್ ನಗರಕ್ಕೆ ಹತ್ತಿರದ ಒಂದು ಊರಿನಲ್ಲಿದ್ದಾನೆ. ಅವನ ಬಳಿ ಎರಡೇ ಆಸನಗಳ, ಮಡಿಸಬಹುದಾದ ಬಟ್ಟೆಯ ಚಾವಣಿಯ ಒಂದು ಪುಟ್ಟ ಹಳೆಯ ಕಾರಿದೆ. ಹೆಸರು ಮಾಜ್ಡಾ ಮಿಯಾಟಾ. ಅದರ ಬಾಗಿಲ ಪಕ್ಕದಲ್ಲಿ ನಿಂತರೆ ಚಾವಣಿ ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಒಳಗೆ ಕುಳಿತುಕೊಳ್ಳುವುದೆಂದರೆ ಚಾಪೆಯ ಮೇಲೆ ಕಾಲು ಚಾಚಿ ಕುಳಿತಂತೆಯೇ. ಹಿಂದಿನ ಡಿಕ್ಕಿಯಲ್ಲಿ ಎರಡು ಕೈಚೀಲ ಹಿಡಿದರೆ ಹೆಚ್ಚು. ಈ ಕಾರಿನ ಕಥೆ ಸ್ವಾರಸ್ಯವಾದುದು. ಎಂ.ಜಿ., ಟ್ರಯಂಫ್ ಮುಂತಾದ ಬ್ರಿಟಿಷ್ ಕಂಪನಿಗಳು ಒಂದು ಕಾಲದಲ್ಲಿ ಇಂತಹ ಹಗುರವಾದ, ಅಗ್ಗವಾದ ಎರಡಾಸನದ ಕಾರುಗಳನ್ನು ಮಾಡುತ್ತಿದ್ದವು. 1980ರ ಸುಮಾರಿಗೆ ಅವು ಒಂದೊಂದಾಗಿ ನಿಂತುಹೋದವು. ಆ ಜಾತಿಯ ಕಾರು ಮತ್ತೆ ಬರಬೇಕು ಎಂದು ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರು ಜಪಾನಿನ ಮಾಜ್ಡಾ ಕಂಪನಿಯ ಕೆನಿಚಿ ಯಮಾಮೊಟೊ ಅವರಿಗೆ ಸೂಚಿಸಿದರು. ಆ ಮಾತು ಬೀಜವಾಗಿ, 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಮಿಯಾಟಾ ಕಾಣಿಸಿಕೊಂಡಿತು. ಎಂಜಿನ್ 1.6 ಲೀಟರಿನದು, ತೂಕ ಒಂದು ಟನ್ನಿಗಿಂತ ಕಡಿಮೆ, ಅಂದಿನ ಬೆಲೆ 13,800 ಡಾಲರ್. ಕುದುರೆಯೂ ಸವಾರನೂ ಒಂದೇ ದೇಹವಾಗಬೇಕು ಎಂಬ ಅರ್ಥದ ‘ಜಿನ್ಬಾ ಇತ್ತೈ’ ಎಂಬ ಜಪಾನಿ ನುಡಿಯನ್ನು ಅದನ್ನು ರೂಪಿಸಿದವರು ಧ್ಯೇಯವಾಗಿ ಇಟ್ಟುಕೊಂಡಿದ್ದರು. 2016ರ ಏಪ್ರಿಲಿನಲ್ಲಿ ಈ ಸಾಲಿನ ಹತ್ತು ಲಕ್ಷದ ಕಾರು ಹೊರಬಂದಿತು.

ಇಷ್ಟು ಸಂಖ್ಯೆಯಲ್ಲಿ ಮಾರಾಟವಾದ ಕಾರು ಹಳತಾದಾಗ ಅಗ್ಗಕ್ಕೆ ಸಿಗುತ್ತದೆ. ಆದುದರಿಂದ ಅಲ್ಲಿ ಇಂತಹ ಕಾರುಗಳ ಒಡೆಯರು ಶ್ರೀಮಂತರೇ ಆಗಿರಬೇಕಾಗಿಲ್ಲ. ನಮ್ಮ ಗುಂಪಿನಲ್ಲಿ ಎಂಟು ಕಾರುಗಳಿದ್ದವು, ಹದಿನಾಲ್ಕು ಜನರಿದ್ದೆವು. ಎಲ್ಲ ಕಾರುಗಳೂ ಮಿಯಾಟಾಗಳಲ್ಲ. ಒಂದೆರಡು ಬೇರೆ ಕಂಪನಿಗಳ ಹಳೆಯ ಎರಡಾಸನದ ಕಾರುಗಳೂ ಇದ್ದವು. ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿ ಮತ್ತು ಅವರ ಪತಿ, ಒಬ್ಬ ದಾದಿ, ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ, ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಗೆಳತಿಯರು, ನನ್ನ ವಯಸ್ಸಿನ ದಂಪತಿಗಳು, ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದಿದ್ದ ಒಬ್ಬರು ಮತ್ತು ಹನ್ನೆರಡು ವರ್ಷದ ಅವರ ಮಗಳು, ನನ್ನ ಮಗ, ನಾನು. ನನ್ನಾಕೆ ಸೊಸೆಯೊಡನೆ ಮೊಮ್ಮಗುವನ್ನು ನೋಡಿಕೊಂಡು ಮನೆಯಲ್ಲಿಯೇ ಉಳಿದಳು. “ಆ ಕಾರಿನಿಂದ ನಿಮ್ಮನ್ನು ಎತ್ತಿ ಇಳಿಸುವವರಾರು?” ಎಂಬುದು ಅವಳ ಪ್ರಶ್ನೆಯಾಗಿತ್ತು.

ಎಲ್ಲದರ ಸೂತ್ರಧಾರಿಣಿ ಗ್ರಂಥಪಾಲಕಿಯವರು. ಹೊರಡುವ ಎರಡು ತಿಂಗಳ ಮೊದಲೇ ಅವರು ಒಂದು ಹಾಳೆಯನ್ನು ಎಲ್ಲರಿಗೂ ಕಳುಹಿಸಿದ್ದರು. ಅದರ ಮೊದಲ ಸಾಲಿನಲ್ಲಿ ಊರಿನ ಹೆಸರಿರಲಿಲ್ಲ, ದಿನಾಂಕವಿರಲಿಲ್ಲ. ಒಂದು ಕಾರಿಗೆ ಒಟ್ಟು ಖರ್ಚು 200 ಡಾಲರ್ ಮೀರಕೂಡದು ಎಂದಿತ್ತು. ನಾವು ಸಾಮಾನ್ಯವಾಗಿ ಮೊದಲು ಊರುಗಳನ್ನು ಆರಿಸಿ, ಹೋಟೆಲುಗಳನ್ನು ಗೊತ್ತುಮಾಡಿ, ಕೊನೆಗೆ ಕೂಡಿಸಿ ನೋಡಿ ಬೆಚ್ಚುತ್ತೇವೆ. ಅವರು ಮೊತ್ತವನ್ನು ಮೊದಲು ನಿಲ್ಲಿಸಿ, ಅದರೊಳಗೆ ಹಿಡಿಯುವ ಪ್ರವಾಸವನ್ನು ಆಮೇಲೆ ಹುಡುಕಿದರು. ಆ 200 ಎಂಬ ಸಂಖ್ಯೆ ಬಂದ ಬಗೆಯನ್ನು ಮಗನಿಂದ ತಿಳಿದೆ. ಪ್ರತಿಯೊಬ್ಬರೂ ತಮಗೆ ಸಾಧ್ಯವಾಗುವ ಮೊತ್ತವನ್ನು ಗುಟ್ಟಾಗಿ ಅವರೊಬ್ಬರಿಗೇ ತಿಳಿಸಿದ್ದರಂತೆ. ಅವರು ಸರಾಸರಿ ತೆಗೆಯಲಿಲ್ಲ. ಎಲ್ಲಕ್ಕಿಂತ ಕಡಿಮೆ ಬರೆದವರ ಸಂಖ್ಯೆಯನ್ನೇ ಎಲ್ಲರ ಮಿತಿಯಾಗಿ ಇಟ್ಟರು. ಅದು ಯಾರದೆಂದು ಅವರಾಗಿ ಯಾರಿಗೂ ಹೇಳಲಿಲ್ಲ.

ಲೆಕ್ಕ ಹೀಗಿತ್ತು. ಒಟ್ಟು ದೂರ ಸುಮಾರು 700 ಮೈಲಿ, ಎಂದರೆ 1,125 ಕಿಲೋಮೀಟರ್. ಈ ಪುಟ್ಟ ಕಾರುಗಳು ಒಂದು ಗ್ಯಾಲನ್ ಪೆಟ್ರೋಲಿಗೆ ಸುಮಾರು 28 ಮೈಲಿ ಓಡುತ್ತವೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ 12 ಕಿಲೋಮೀಟರ್. ಆದುದರಿಂದ 25 ಗ್ಯಾಲನ್ ಬೇಕು. ಆಗ ಗ್ಯಾಲನ್ನಿನ ಬೆಲೆ 3 ಡಾಲರಿಗಿಂತ ಕಡಿಮೆಯಿದ್ದುದರಿಂದ ಪೆಟ್ರೋಲಿಗೆ 75. ನಾಲ್ಕು ರಾತ್ರಿ ಡೇರೆಯಲ್ಲಿ ವಾಸ. ಡೇರೆ ಹಾಕುವ ಒಂದು ಜಾಗಕ್ಕೆ ರಾತ್ರಿಗೆ ಸುಮಾರು 20 ಡಾಲರ್. ಎರಡು ಕಾರಿನವರು ಒಂದು ಜಾಗವನ್ನು ಹಂಚಿಕೊಂಡರೆ ಕಾರಿಗೆ ರಾತ್ರಿಗೆ 10ರಂತೆ 40. ಒಟ್ಟಾಗಿ ಬೇಯಿಸಿ ಉಣ್ಣುವ ದಿನಸಿಗೆ ಕಾರಿಗೆ 60. ಅಲ್ಲಿಗೆ 175 ಆಯಿತು. ಇನ್ನು 20 ಡಾಲರನ್ನು ಪ್ರತಿ ಕಾರಿನವರೂ ಹೊರಡುವ ಬೆಳಿಗ್ಗೆಯೇ ಒಂದು ಹಳೆಯ ಕಾಫಿ ಡಬ್ಬಿಗೆ ಹಾಕಬೇಕು. ದಾರಿಯಲ್ಲಿ ಯಾರ ಕಾರು ಕೆಟ್ಟರೂ ಮೊದಲು ಡಬ್ಬಿಯ ಹಣ ಅದಕ್ಕೆ. ಏನೂ ಆಗದಿದ್ದರೆ ಕೊನೆಯ ರಾತ್ರಿ ಆ ಹಣದಲ್ಲಿ ಎಲ್ಲರಿಗೂ ಹೋಟೆಲೂಟ. ಇದು ಹಾಳೆಯ ಮೂರನೆಯ ನಿಯಮ. ಹಾಳೆಯ ಕೆಳಗೆ ಎಲ್ಲರೂ ಸಹಿ ಹಾಕಿದ್ದರು.

ಈ ಹಾಳೆಯನ್ನು ನೋಡಿದಾಗ ನನಗೆ ನಮ್ಮ ಶಾಲಾ ಪ್ರವಾಸಗಳು ನೆನಪಾದವು. ಒಪ್ಪಂದದ ಮೇಲೆ ತೆಗೆದುಕೊಂಡ ಕೆಂಪು ಬಸ್ಸು, ಮಕ್ಕಳು ತಂದ ತಟ್ಟೆ ಲೋಟ ಹೊದಿಕೆಗಳು, ಮಧ್ಯಾಹ್ನದ ಊಟಕ್ಕೆ ಧರ್ಮಸ್ಥಳವೋ ಶೃಂಗೇರಿಯೋ ಬರುವಂತೆ ಹೊಂದಿಸಿದ ದಾರಿ, ರಾತ್ರಿ ಯಾವುದೋ ಊರಿನ ಶಾಲೆಯ ಕೋಣೆಯಲ್ಲಿ ಸಾಲಾಗಿ ಮಲಗಿದ ಮಕ್ಕಳು. ಈ ಬರಹವನ್ನು ಓದುತ್ತಿರುವ ಹಲವರು ಆ ಸಾಲುಗಳಲ್ಲಿ ಮಲಗಿದ್ದವರೇ. ದೇಶ ಬೇರೆ, ವಾಹನ ಬೇರೆ. ಕಡಿಮೆ ಹಣದಲ್ಲಿ ಹೆಚ್ಚು ಜನರನ್ನು ಕರೆದೊಯ್ಯುವ ಗಣಿತ ಮಾತ್ರ ಎರಡು ಕಡೆಯೂ ಒಂದೇ.

ದಾರಿಯ ಆಯ್ಕೆಯೂ ಈ ಗಣಿತದಿಂದಲೇ ಹುಟ್ಟಿತು. ಗ್ರಂಥಪಾಲಕಿಯವರು ಆರಿಸಿದ್ದು ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ರಸ್ತೆಯನ್ನು. ವರ್ಜೀನಿಯಾದಿಂದ ಉತ್ತರ ಕೆರೊಲಿನಾದ ಚೆರೋಕಿಯವರೆಗೆ ಬೆಟ್ಟಗಳ ನೆತ್ತಿಯ ಮೇಲೆಯೇ 469 ಮೈಲಿ ಸಾಗುವ ಈ ರಸ್ತೆಗೆ ಸುಂಕವಿಲ್ಲ, ಪ್ರವೇಶಧನವಿಲ್ಲ. ಸರಕಿನ ಲಾರಿಗಳಿಗೆ ಪ್ರವೇಶವಿಲ್ಲ. ಜಾಹೀರಾತಿನ ಫಲಕ ಕಾಣದು, ಪೆಟ್ರೋಲ್ ಬಂಕೂ ಇಲ್ಲ. ಇಂಧನ ಬೇಕಾದರೆ ರಸ್ತೆಯಿಂದ ಕೆಳಗಿಳಿದು ಪಕ್ಕದ ಊರಿಗೆ ಹೋಗಬೇಕು. ವೇಗದ ಮಿತಿ ಗಂಟೆಗೆ 45 ಮೈಲಿ, ಎಂದರೆ 72 ಕಿಲೋಮೀಟರ್. ಇಷ್ಟು ನಿಧಾನದ ರಸ್ತೆಯಲ್ಲಿ ಸ್ಪೋರ್ಟ್ಸ್ ಕಾರಿಗೇನು ಕೆಲಸ ಎಂದು ಮಗನನ್ನು ಕೇಳಿದೆ. “ಅಪ್ಪ, ಈ ಕಾರುಗಳ ಸಂತೋಷ ತಿರುವಿನಲ್ಲಿದೆ, ವೇಗದಲ್ಲಲ್ಲ. ನೀವೇ ನೋಡುವಿರಂತೆ” ಎಂದ.

ರಸ್ತೆಯ ಇತಿಹಾಸವನ್ನು ಹೇಳದೆ ಮುಂದೆ ಹೋಗಲು ಮೇಷ್ಟರ ಮನಸ್ಸು ಒಪ್ಪುವುದಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಜನರು ಕೆಲಸವಿಲ್ಲದೆ ಕುಳಿತಿದ್ದಾಗ, ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರವು ಕೈಗೆ ಕೆಲಸ ಕೊಡಲೆಂದು ಕೈಗೊಂಡ ಕಾಮಗಾರಿಗಳಲ್ಲಿ ಇದೂ ಒಂದು. 1935ರ ಸೆಪ್ಟೆಂಬರಿನಲ್ಲಿ ಕೆಲಸ ಆರಂಭವಾಯಿತು. ನಡುವೆ ಯುದ್ಧ ಬಂದು, ಹಣ ನಿಂತು, ಮತ್ತೆ ಹರಿದು, ಕೊನೆಯ ಕೊಂಡಿಯಾದ ಲಿನ್ ಕೋವ್ ಮೇಲ್ಸೇತುವೆಯೊಡನೆ 1987ರಲ್ಲಿ ಸಂಪೂರ್ಣವಾಯಿತು. ಗ್ರ್ಯಾಂಡ್‌ಫಾದರ್ ಪರ್ವತದ ಮೈಯನ್ನು ಕಡಿಯದೆ, ಅದರ ಪಕ್ಕದಲ್ಲಿಯೇ 153 ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನಿಲ್ಲಿಸಿದ 1,243 ಅಡಿ ಉದ್ದದ ಸೇತುವೆ ಅದು. ಬೆಟ್ಟವನ್ನು ಗಾಯಗೊಳಿಸದೆ ರಸ್ತೆ ಮಾಡುವ ವಿದ್ಯೆಯನ್ನು ನಮ್ಮ ಘಟ್ಟಗಳಲ್ಲಿ ಕೆಲಸ ಮಾಡುವವರು ಒಮ್ಮೆ ಹೋಗಿ ನೋಡಬೇಕು.

ಕಾಲವನ್ನೂ ಜಾಣತನದಿಂದ ಆರಿಸಿದ್ದರು. ಅಕ್ಟೋಬರಿನಲ್ಲಿ ಎಲೆಗಳು ಕೆಂಪು ಹಳದಿಗೆ ತಿರುಗಿದಾಗ ಅಲ್ಲಿ ಜನಜಾತ್ರೆ. ತಂಗುವ ಜಾಗ ಸಿಗದು, ಸಿಕ್ಕರೆ ದುಬಾರಿ. ಮೇ ತಿಂಗಳಿನಲ್ಲಿ, ಅದರಲ್ಲಿಯೂ ವಾರದ ನಡುವಿನ ದಿನಗಳಲ್ಲಿ ರಸ್ತೆ ಬಿಡುವಾಗಿರುತ್ತದೆ. ಕಾಡು ಆಗತಾನೇ ಚಿಗುರಿ ನಿಂತಿತ್ತು.

ಸಾಲಾಗಿ ಎಂಟು ಕಾರುಗಳು ಹೋದರೆ ಹಿಂದಿನಿಂದ ಬರುವವರಿಗೆ ತೊಂದರೆಯೆಂದು ನಾಲ್ಕು ನಾಲ್ಕರ ಎರಡು ತಂಡ ಮಾಡಿದರು. ಬೆಟ್ಟದಲ್ಲಿ ಅನೇಕ ಕಡೆ ಮೊಬೈಲ್ ಕೆಲಸ ಮಾಡುವುದಿಲ್ಲ. ಆದುದರಿಂದ ಪ್ರತಿ ಕಾರಿಗೂ ಮೈಲಿಗಲ್ಲಿನ ಸಂಖ್ಯೆಗಳೊಡನೆ ಬರೆದ ದಾರಿಯ ಹಾಳೆ, ಒಂದು ಅಗ್ಗದ ವಾಕಿಟಾಕಿ. ತಿರುವು ಬಂದಲ್ಲಿ ಪಾಲಿಸಬೇಕಾದ ನಿಯಮ ಒಂದೇ: ನಿನ್ನ ಹಿಂದಿನ ಕಾರು ನಿನ್ನನ್ನು ಕಾಣುವವರೆಗೆ ನೀನು ತಿರುಗಬೇಡ. ಪ್ರತಿಯೊಬ್ಬನೂ ತನ್ನ ಹಿಂದಿನವನೊಬ್ಬನನ್ನು ನೋಡಿಕೊಂಡರೆ ಇಡೀ ಸಾಲು ತಾನಾಗಿಯೇ ಉಳಿಯುತ್ತದೆ. ಮುಂದಿನವನನ್ನು ಹಿಡಿಯಲು ಓಡುವುದಕ್ಕಿಂತ ಇದು ಸುರಕ್ಷಿತವೂ ಹೌದು. ಹಾಳೆಯಲ್ಲಿ ಇನ್ನೊಂದು ಮಾತೂ ಇತ್ತು. ಇದು ಪಂದ್ಯವಲ್ಲ, ಪಂದ್ಯವಾಡುವವರು ಬರಬಾರದು. ಪಂದ್ಯದಲ್ಲಿ ಆದ ಅಪಘಾತಕ್ಕೆ ಸಾಮಾನ್ಯ ವಿಮೆ ಒದಗುವುದಿಲ್ಲ ಎಂಬುದನ್ನೂ ಅಲ್ಲಿಯೇ ಬರೆದಿದ್ದರು.

ಮೊದಲ ರಾತ್ರಿ ಲಿನ್‌ವಿಲ್ ಜಲಪಾತದ ಬಳಿ, ಎರಡನೆಯ ರಾತ್ರಿ ಪಿಸ್ಗಾ ಪರ್ವತದ ಬಳಿ, ಸುಮಾರು ಐದು ಸಾವಿರ ಅಡಿ ಎತ್ತರದಲ್ಲಿ ಡೇರೆ ಹಾಕಿದೆವು. ದಾರಿಯಲ್ಲಿ ಮಿಚೆಲ್ ಶಿಖರವನ್ನೂ ಕಂಡೆವು. 6,684 ಅಡಿಯ ಅದು ಮಿಸಿಸಿಪಿ ನದಿಯ ಪೂರ್ವಕ್ಕೆ ಅತ್ಯಂತ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿಗಿಂತ ತುಸುವೇ ಎತ್ತರ ಎಂದು ನಾನು ಹೇಳಿದಾಗ, ಮೇಲ್ಕಂಡ ಹುಡುಗಿ ಆ ಹೆಸರನ್ನು ನಾಲ್ಕು ಸಲ ಹೇಳಿಸಿ ಕಲಿತಳು. ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುವ ಜಾತಿಯ ಮಗು. ಚಾವಣಿ ತೆರೆದ ಕಾರಿನಲ್ಲಿ ಸುರಂಗಗಳ ಒಳಹೊಕ್ಕಾಗಲೆಲ್ಲ ಅವಳು ಕೂಗುವ ಕೂಗು ಹಿಂದಿನ ಮೂರು ಕಾರುಗಳಿಗೂ ಕೇಳುತ್ತಿತ್ತು. ಉತ್ತರ ಕೆರೊಲಿನಾದ ಭಾಗದಲ್ಲಿಯೇ ಆ ರಸ್ತೆಗೆ 25 ಸುರಂಗಗಳಿವೆ.

ಮೂರನೆಯ ದಿನ ಪರೀಕ್ಷೆ ಎದುರಾಯಿತು. ಪಾರ್ಕ್‌ವೇಯ ಅತ್ಯಂತ ಎತ್ತರದ ಸ್ಥಳವಾದ 6,053 ಅಡಿಯ ಫಲಕದ ಬಳಿ ಎಲ್ಲರೂ ಚಿತ್ರ ತೆಗೆಸಿಕೊಂಡು ಇಳಿಯುತ್ತಿದ್ದೆವು. ಬೆಟ್ಟದ ಮೇಲಿನಿಂದ ಉರುಳಿ ಬಿದ್ದಿದ್ದ ಚೂಪಾದ ಕಲ್ಲೊಂದು ಕಾರ್ಖಾನೆಯವರ ಕಾರಿನ ಟೈರಿನ ಪಕ್ಕೆಯನ್ನು ಸೀಳಿತು. ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಹಾಕಲು ಬರುವುದಿಲ್ಲ. ಸಣ್ಣ ಸ್ಟೆಪ್ನಿಯನ್ನು ಹಾಕಿಕೊಂಡು, ನಿಧಾನವಾಗಿ ಬಾಲ್ಸಮ್ ಗ್ಯಾಪ್ ಎಂಬಲ್ಲಿ ರಸ್ತೆ ಬಿಟ್ಟಿಳಿದು ವೇನ್ಸ್‌ವಿಲ್ ಊರಿನ ಒಂದು ಟೈರಿನ ಅಂಗಡಿಗೆ ಹೋದೆವು. ಅಂಗಡಿಯವನು ನೋಡಿ, ಜೊತೆಯ ಟೈರೂ ಸವೆದಿದೆ, ಒಂದನ್ನೇ ಹೊಸದು ಹಾಕಿದರೆ ತಿರುವುಗಳಲ್ಲಿ ಅಪಾಯ, ಎರಡನ್ನೂ ಬದಲಿಸಬೇಕು ಎಂದ. ಎರಡಕ್ಕೆ ಕೂಲಿ ಸೇರಿ 142 ಡಾಲರ್.

ಆ ಮನುಷ್ಯ ಪಕ್ಕಕ್ಕೆ ಹೋಗಿ ತಲೆ ತಗ್ಗಿಸಿ ನಿಂತರು. ಅವರ ಕಾರ್ಖಾನೆ ಆರು ತಿಂಗಳ ಹಿಂದೆ ಮುಚ್ಚಿತ್ತೆಂಬುದು ನನಗೆ ತಿಳಿದದ್ದು ಆಗಲೇ. 200 ಎಂಬ ಸಂಖ್ಯೆಯ ಒಡೆಯರು ಯಾರೆಂಬುದೂ ಆಗ ಯಾರೂ ಹೇಳದೆಯೇ ತಿಳಿಯಿತು. “ಸ್ಟೆಪ್ನಿಯಲ್ಲಿಯೇ ಮೆಲ್ಲಗೆ ಮನೆಗೆ ಹೋಗುತ್ತೇವೆ, ನೀವು ಮುಂದುವರಿಯಿರಿ” ಎಂದರು. ಹುಡುಗಿ ಕಾರಿನೊಳಗೆ ಕುಳಿತು ದಾರಿಯ ಹಾಳೆಯನ್ನು ಮಡಿಸುತ್ತಿದ್ದಳು. ಏನೂ ಕೇಳಲಿಲ್ಲ. ಮರುದಿನದ ದಾರಿಯ ತಿರುವುಗಳನ್ನು ಎಣಿಸುವ ಕೆಲಸವನ್ನು ಹಿಂದಿನ ರಾತ್ರಿಯಷ್ಟೇ ಅವಳಿಗೆ ವಹಿಸಲಾಗಿತ್ತು.

ದಾದಿಯವರು ತಮ್ಮ ಕಾರ್ಡನ್ನು ಹೊರತೆಗೆದರು. ನನ್ನ ಮಗನ ಕೈಯೂ ಜೇಬಿಗೆ ಹೋಯಿತು. ಗ್ರಂಥಪಾಲಕಿಯವರು ಇಬ್ಬರನ್ನೂ ಕಣ್ಣಿನಲ್ಲಿಯೇ ತಡೆದು, ತಮ್ಮ ಕಾರಿನಿಂದ ಕಾಫಿ ಡಬ್ಬಿಯನ್ನು ತಂದರು. ಆ ಮನುಷ್ಯ ಬೇಡವೆಂದು ತಲೆಯಾಡಿಸಿದರು, ದಾನ ತೆಗೆದುಕೊಳ್ಳುವುದಿಲ್ಲವೆಂದರು. ಆಕೆ ದನಿ ಏರಿಸಲೂ ಇಲ್ಲ, ಮೃದುವಾಗಿಸಲೂ ಇಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಮರಳಿಸುವ ದಿನವನ್ನು ತಿಳಿಸುವಂತೆ ಹೇಳಿದರು: “ಮೂರನೆಯ ನಿಯಮವನ್ನು ಓದಿ. ಕೆಳಗೆ ನಿಮ್ಮ ಸಹಿಯಿದೆ. ಈ ಡಬ್ಬಿಯಲ್ಲಿ ನಿಮ್ಮ 20 ಡಾಲರೂ ಇದೆ. ನನ್ನ ಟೈರು ಸೀಳಿದ್ದರೆ ನೀವು ಕೊಡುವುದಿಲ್ಲವೆನ್ನುತ್ತಿದ್ದಿರೇನು?”

ಅವರು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. ಆಮೇಲೆ, “ಹಾಗಾದರೆ ಉಳಿದೆರಡು ರಾತ್ರಿಯ ಪಾತ್ರೆಗಳೆಲ್ಲ ನನ್ನವು” ಎಂದರು. “ಒಪ್ಪಿಗೆ” ಎಂದರು ಆಕೆ. 160ರಲ್ಲಿ 142 ಹೋಗಿ ಡಬ್ಬಿಯಲ್ಲಿ 18 ಉಳಿಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಟೈರು ಸೀಳಿದ ಮೇಲೆ ಹಣ ಕೂಡಿಸಿದ್ದರೆ ಅದು ಸಹಾಯವಾಗುತ್ತಿತ್ತು. ಕೊಟ್ಟವರು ಮರೆತರೂ ಪಡೆದವರು ಮರೆಯುತ್ತಿರಲಿಲ್ಲ. ಮಗಳ ಎದುರಿಗೆ ಕೈಯೊಡ್ಡಿದ ತಂದೆಯಾಗಿ ಅವರು ಮುಂದಿನ ಎರಡು ದಿನ ಹೇಗೆ ಕಳೆಯುತ್ತಿದ್ದರೋ! ಮೊದಲೇ ಎಲ್ಲರೂ ಹಾಕಿ, ಎಲ್ಲರೂ ಸಹಿ ಮಾಡಿದ್ದರಿಂದ ಅದು ಹಕ್ಕಾಯಿತು. ಡಬ್ಬಿ ಅದೇ, ಹಣ ಅದೇ. ಹಾಕಿದ ದಿನ ಮಾತ್ರ ಬೇರೆ. ಶಾಲೆಯಲ್ಲಿ ‘ಬಡ ವಿದ್ಯಾರ್ಥಿಗಳ ನಿಧಿ’ ಎಂದು ಹೆಸರಿಟ್ಟು, ಪ್ರಾರ್ಥನೆಯ ಸಾಲಿನಲ್ಲಿ ಹೆಸರು ಕರೆದು ಕೊಡುವುದನ್ನು ನಾವೆಲ್ಲ ಕಂಡಿದ್ದೇವೆ. ಹೆಸರು ಕರೆಯುವವರೆಗೂ ಅವನು ಎಲ್ಲರಂತೆ ಒಬ್ಬ ಹುಡುಗ. ಕರೆದ ಮೇಲೆ ಬಡ ಹುಡುಗ. ಕೊಡುವ ಮನಸ್ಸು ಒಳ್ಳೆಯದಾಗಿದ್ದರೆ ಸಾಲದು, ಕೊಡುವ ವಿಧಾನಕ್ಕೂ ಅಷ್ಟೇ ಯೋಚನೆ ಬೇಕು ಎಂಬುದನ್ನು ಆ ಟೈರಿನ ಅಂಗಡಿಯ ಅಂಗಳದಲ್ಲಿ ಬಹಳ ಸ್ಪಷ್ಟವಾಗಿ ಕಂಡೆ.

ನಾಲ್ಕನೆಯ ದಿನ ರಾಬಿನ್ಸ್‌ವಿಲ್ ಊರಿನ ಕಡೆಯಿಂದ ಹೊರಟು ‘ಡ್ರ್ಯಾಗನ್ನಿನ ಬಾಲ’ ಎಂದು ಹೆಸರಾದ ರಸ್ತೆಗೆ ಹೋದೆವು. ಉತ್ತರ ಕೆರೊಲಿನಾ ಮತ್ತು ಟೆನೆಸ್ಸಿಗಳ ಗಡಿಯಲ್ಲಿರುವ ಇದರ 11 ಮೈಲಿಗಳಲ್ಲಿ 318 ತಿರುವುಗಳಿವೆಯೆಂದು ಪ್ರಸಿದ್ಧಿ. ನಮ್ಮ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ ಮಕ್ಕಳನ್ನು ನೆನೆದೆ. ವೇಗದ ಮಿತಿ ಗಂಟೆಗೆ 30 ಮೈಲಿ. ಅದನ್ನು ಮೀರಿದವರ ಗತಿಯನ್ನು ತಿಳಿಸಲೋ ಎಂಬಂತೆ, ಮುರಿದ ಮೋಟಾರ್ ಸೈಕಲ್ಲುಗಳ ಬಿಡಿಭಾಗಗಳನ್ನು ತೂಗುಹಾಕಿದ ‘ನಾಚಿಕೆಯ ಮರ’ವೊಂದು ಅಲ್ಲಿದೆ. ಮಗ ಹೇಳಿದ್ದು ನಿಜವೆಂದು ಅಲ್ಲಿ ತಿಳಿಯಿತು. ಕಾರು ಬಲಕ್ಕೆ ಬಾಗಿ, ಎಡಕ್ಕೆ ಬಾಗಿ, ಗೇರಿನಿಂದ ಗೇರಿಗೆ ಜಾರುತ್ತ ಒಂದೇ ಲಯದಲ್ಲಿ ಸಾಗಿತ್ತು. ಮನೆಯಲ್ಲಿ ಮಾತು ಕಡಿಮೆಯಾದ ನನ್ನ ಮಗ ಅಂದು ಪ್ರತಿ ತಿರುವಿಗೂ ಮೊದಲು, “ಈಗ ಬ್ರೇಕು, ಈಗ ಬಿಟ್ಟೆ, ಈಗ ಮೆಲ್ಲಗೆ ಒತ್ತುತ್ತೇನೆ” ಎಂದು ನನಗೆ ಪಾಠ ಹೇಳುತ್ತ ಹೋದ. ಅವನಿಗೆ ಮಗ್ಗಿ ಹೇಳಿಕೊಟ್ಟವನು ನಾನು. ಅಂದು ಅವನು ಮೇಷ್ಟರು, ನಾನು ವಿದ್ಯಾರ್ಥಿ. ಹುಡುಗಿ ಎಣಿಸಿದ ತಿರುವುಗಳು 291. ಉಳಿದವು ನೇರವಾಗಿಯೇ ಇದ್ದವೆಂದು ಅವಳು ವಾದಿಸಿದಳು!

ಅಲ್ಲಿಂದ ಟೆಲಿಕೊ ಪ್ಲೇನ್ಸ್ ತಲುಪಿ, 1996ರಲ್ಲಿ ತೆರೆಯಲಾದ 43 ಮೈಲಿಯ ಚೆರೊಹಾಲಾ ಸ್ಕೈವೇಯಲ್ಲಿ ಮರಳಿ ಬಂದೆವು. ಕೊನೆಯ ರಾತ್ರಿಯ ಹೋಟೆಲೂಟಕ್ಕೆ ಡಬ್ಬಿಯಲ್ಲಿ ಹಣವಿರಲಿಲ್ಲ. ಸೊಸೆ ಕಟ್ಟಿಕೊಟ್ಟಿದ್ದ ಗಂಟಿನಲ್ಲಿ ರವೆ, ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ ಇದ್ದವು. 18 ಡಾಲರಿಗೆ ಈರುಳ್ಳಿ, ಬೆಣ್ಣೆ, ನಿಂಬೆಹಣ್ಣು, ಒಂದಿಷ್ಟು ಹಣ್ಣುಗಳನ್ನು ತಂದರು. ಹದಿನಾಲ್ಕು ಜನರಿಗೆ ಎರಡು ಸಲ ಒಲೆ ಹೊತ್ತಿಸಿ ಉಪ್ಪಿಟ್ಟು ಮಾಡಿದೆ. ಮೆಣಸಿನಕಾಯಿಯನ್ನು ಎತ್ತಿ ಪಕ್ಕಕ್ಕಿಡಬೇಕೆಂಬ ಸೂಚನೆಯನ್ನು ಇಬ್ಬರು ಅಣ್ಣತಮ್ಮಂದಿರು ಪಾಲಿಸಲಿಲ್ಲ; ನೀರು ಬಹಳ ಖರ್ಚಾಯಿತು. ಪಾತ್ರೆಗಳನ್ನೆಲ್ಲ ಮಾತಿಗೆ ತಪ್ಪದೆ ಆ ಮನುಷ್ಯನೇ ತೊಳೆದರು. ತಳ ಹತ್ತಿದ ಬಾಣಲೆಯನ್ನು ಉಜ್ಜುತ್ತ, “ನಿಮ್ಮ ಈ ಅಡುಗೆ ಟೈರಿಗಿಂತ ಗಟ್ಟಿ” ಎಂದು ನಗಿಸಿದರು. ಮೂರನೆಯ ದಿನದ ಮಧ್ಯಾಹ್ನದ ಮುಖ ಅದಾಗಿರಲಿಲ್ಲ.

ಆ ಮೇಲೆ ಅವರಿಗೆ ಬೇರೊಂದು ಊರಿನಲ್ಲಿ ಕೆಲಸ ಸಿಕ್ಕಿತೆಂದು ಮಗನಿಂದ ತಿಳಿದು ಸಮಾಧಾನವಾಯಿತು. ನಾವು ಓಡಾಡಿದ ಆ ರಸ್ತೆಗೆ ಮಾತ್ರ ಕೆಟ್ಟ ಕಾಲ ಬಂದಿತು. 2024ರ ಸೆಪ್ಟೆಂಬರಿನ ಕೊನೆಯಲ್ಲಿ ಹೆಲೀನ್ ಚಂಡಮಾರುತದ ಮಳೆಗೆ ಉತ್ತರ ಕೆರೊಲಿನಾದ ಬೆಟ್ಟಗಳು ಕುಸಿದು, ಪಾರ್ಕ್‌ವೇ ಹಲವೆಡೆ ಕೊಚ್ಚಿಹೋಯಿತು. ದುರಸ್ತಿಯನ್ನು ಭಾಗ ಭಾಗವಾಗಿ ಕೈಗೊಂಡರು. ಅತ್ತ ಹೋಗುವ ಬಂಧುಗಳು ಯಾವ ಭಾಗ ತೆರೆದಿದೆಯೆಂದು ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ಪ್ರಕಟಣೆಯನ್ನು ನೋಡಿಕೊಂಡೇ ಹೊರಡುವುದು ಒಳಿತು.

ಇನ್ನು ಘಟ್ಟ ಸುತ್ತಲು ಹೊರಟಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳಬೇಕಾದುದಿಷ್ಟು. ಮೊದಲು ಮೊತ್ತವನ್ನು ನಿಶ್ಚಯಿಸಿರಿ, ಊರನ್ನು ಆಮೇಲೆ. ಮೊತ್ತವನ್ನು ಸಭೆಯಲ್ಲಿ ಕೂಗಿ ಕೇಳಬೇಡಿರಿ. ನಂಬಿಕಸ್ಥರೊಬ್ಬರು ಒಬ್ಬೊಬ್ಬರನ್ನೇ ಕೇಳಲಿ, ಕಡಿಮೆ ಹೇಳಿದವನ ಸಂಖ್ಯೆಯೇ ಎಲ್ಲರದೂ ಆಗಲಿ. ಮಳೆಗಾಲವನ್ನೂ ಸಾಲು ರಜೆಗಳನ್ನೂ ಬಿಟ್ಟು ವಾರದ ನಡುವೆ ಹೊರಡಿರಿ. ಘಾಟಿಯಲ್ಲಿ ಹಿಂದಿನ ಕಾರನ್ನು ನೋಡಿಕೊಳ್ಳಿರಿ. ಹೊರಡುವ ಬೆಳಿಗ್ಗೆಯೇ ಡಬ್ಬಿಗೆ ಹಣ ಹಾಕಿ, ಅದರ ನಿಯಮಕ್ಕೆ ಸಹಿ ಮಾಡಿರಿ. ಮುಖ್ಯವಾಗಿ, ಮೆಲ್ಲಗೆ ಹಿಂದೆ ಸರಿದವನ ಮನೆಗೆ ಯಾರಾದರೂ ಒಬ್ಬರು ಹೋಗಿ, ಹೊಸ ಲೆಕ್ಕದ ಹಾಳೆಯನ್ನು ಅವನ ಕೈಗೆ ಕೊಟ್ಟು, “ಇದನ್ನು ಒಮ್ಮೆ ಸರಿಯಾಗಿದೆಯೇ ನೋಡು ಮಾರಾಯ” ಎನ್ನಿರಿ. ಕಾರಣ ಕೇಳಬೇಡಿರಿ. ಗಣಿತದಲ್ಲಿ ಅವನು ಯಾವಾಗಲೂ ನಿಮ್ಮೆಲ್ಲರಿಗಿಂತ ಮುಂದಿದ್ದ.

ಪ್ರವಾಸ ಸುಖಕರವಾಗಿರಲಿ. ಹೋಗಿಬಂದ ಮೇಲೆ ಲೆಕ್ಕದ ಹಾಳೆಯನ್ನು ನನಗೂ ತೋರಿಸಿರಿ.